ಕಡೆಯ ಪುಟದ ‘ನಾ’

ನಾನು ಒಂದು ಕಾದಂಬರಿ. ನನ್ನ ಬೆನ್ನು ಹರಿದಿದೆ, ಮೂಲೆಗಳು ಮಡಚಿವೆ, ನಡುವಿನ ಹಲವು ಪುಟಗಳಿಗೆ ಹುಳ ಬಿದ್ದು ತೂತಾಗಿವೆ. ನಾನು ಹುಟ್ಟಿದ ಭಾಷೆ ಆರ್ಮೇನಿಯನ್, ಈಗ ಇರುವ ಊರು ಧಾರವಾಡ. ಹಾಗಾಗಿ ನನ್ನನ್ನು ಓದಬಲ್ಲವರು ಇಲ್ಲಿ ಒಬ್ಬರೂ ಇಲ್ಲ. ಯಾರಾದರೂ ತೆರೆದು ನೋಡಿದರೆ, “ಇದೇನ, ಮೀನಿನ ಗಾಳ ಸಾಲಾಗಿ ಇಟ್ಟಂಗ ಐತಿ” ಎಂದು ನಕ್ಕು ಮುಚ್ಚುತ್ತಾರೆ. ಮತ್ತೆ ಕನ್ನಡ ಹೇಗೆ ಬಂತು ಎಂದು ಕೇಳಬೇಡಿ. ಇಷ್ಟು ವರ್ಷ ಕನ್ನಡ ಪುಸ್ತಕಗಳ ಜೊತೆ ಒಂದೇ ಕಪಾಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತರೆ ಕಲ್ಲಿಗೂ ಕನ್ನಡ ಬರುತ್ತದೆ, ನಾನಂತೂ ಪುಸ್ತಕ.

ನನ್ನ ಹುಟ್ಟೂರು ಟಿಫ್ಲಿಸ್. ಅಲ್ಲಿನ ಇಕ್ಕಟ್ಟಾದ ಓಣಿಯೊಂದರಲ್ಲಿ, ರೊಟ್ಟಿ ಸುಡುವ ಭಟ್ಟಿಯ ಪಕ್ಕದಲ್ಲಿ, ನನ್ನನ್ನು ಅಚ್ಚು ಹಾಕಿದ ಛಾಪಖಾನೆ ಇತ್ತು. ಹುಟ್ಟಿದಾಗ ನನ್ನ ಮೈಗೆ ಶಾಯಿಯ ವಾಸನೆಯ ಜೊತೆ ಬಿಸಿ ರೊಟ್ಟಿಯ ವಾಸನೆಯೂ ಇತ್ತು. ನನ್ನನ್ನು ಬರೆದವಳು ಅಘವ್ನಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ತಾಯಿ ಹಾಗಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಛಾಪಖಾನೆಗೆ ಬಂದು, ಒದ್ದೆ ಹಾಳೆಗಳನ್ನು ದೀಪದ ಹತ್ತಿರ ಹಿಡಿದು, ಒಂದೊಂದು ತಪ್ಪಿಗೂ ನನ್ನನ್ನೇ ಗದರುತ್ತಿದ್ದಳು.

ನನ್ನೊಳಗಿನ ಕಥೆ ಸಾತೆನಿಕ್ ಎಂಬ ಹೆಣ್ಣುಮಗಳದು. ಆ ಕಾಲದಲ್ಲಿ ನಮ್ಮ ಹಳ್ಳಿಗಳ ಕಡೆ ಹೊಸ ಸೊಸೆ ಅತ್ತೆಮನೆಯಲ್ಲಿ ಮಾತಾಡುವಂತಿರಲಿಲ್ಲ. ಬಾಯಿಗೆ ಅಡ್ಡವಾಗಿ ಬಟ್ಟೆ ಕಟ್ಟಿಕೊಂಡು, ಕೈಸನ್ನೆಯಲ್ಲೇ ಉಪ್ಪು ಕೇಳಬೇಕು, ಕೈಸನ್ನೆಯಲ್ಲೇ ಹೊಟ್ಟೆನೋವು ತಿಳಿಸಬೇಕು. ಕೆಲವರಿಗೆ ಒಂದು ಮಗುವಾಗುವವರೆಗೆ ಈ ಮೌನ, ಕೆಲವರಿಗೆ ಮಾವ ಸಾಯುವವರೆಗೆ. ಸಾತೆನಿಕ್ ಹಾಗೆ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡು ಬಾಳಿದವಳು. ಮಗನಿಗೆ ಅಕ್ಷರ ಕಲಿಸುವಾಗ ಪಕ್ಕದಲ್ಲಿ ಕೂತು ತಾನೂ ಕಲಿತಳು. ಕಲಿತದ್ದು ಗಂಡನಿಗೆ ಗೊತ್ತಾಯಿತು. ಅಲ್ಲಿಂದ ಮನೆಯಲ್ಲಿ ಜಗಳ ಶುರು.

ಅಘವ್ನಿಗೆ ಅದುವರೆಗಿನ ಕಾದಂಬರಿಗಳ ಮೇಲೆ ಒಂದು ಸಿಟ್ಟಿತ್ತು. ಅವಳು ಓದಿದ ಕಥೆಗಳಲ್ಲೆಲ್ಲ ಹೆಣ್ಣಿಗೆ ಒಂದೋ ಕ್ಷಯ ಬಂದು ಸಾವು, ಇಲ್ಲವೇ ಹೊಳೆಗೆ ಹಾರಿ ಸಾವು. ಎರಡೂ ಆಗದಿದ್ದರೆ ಕಿಟಕಿಯಲ್ಲಿ ಕೂತು ದೇಶಾಂತರ ಹೋದವನ ದಾರಿ ಕಾಯುವುದು. ತನ್ನ ಸಾತೆನಿಕ್ ಸಾಯಲೂ ಬಾರದು, ಕಾಯಲೂ ಬಾರದು ಎಂದು ಅವಳು ಹಟ ಹಿಡಿದಿದ್ದಳು. ಆದರೆ ಹೆಂಡತಿ ಮನೆ ಬಿಟ್ಟು ಹೋದಳು ಎಂದು ನೇರವಾಗಿ ಬರೆದರೆ ಊರ ಹಿರಿಯರು ನನ್ನನ್ನು ಪಕ್ಕದ ಭಟ್ಟಿಗೇ ಹಾಕುತ್ತಿದ್ದರು, ಅವಳ ಶಾಲೆಯ ಕೆಲಸವೂ ಹೋಗುತ್ತಿತ್ತು.

ಆಗ ಅವಳ ಕೈಹಿಡಿದದ್ದು ನಮ್ಮ ಭಾಷೆ. ನಿಮಗೆ ಅವನು ಬೇರೆ, ಅವಳು ಬೇರೆ, ಅದು ಬೇರೆ. ನಮಗೆ ಮೂರಕ್ಕೂ ಒಂದೇ ಮಾತು: ‘ನಾ’. ಕ್ರಿಯಾಪದದ ಬಾಲದಲ್ಲೂ ಗಂಡು ಹೆಣ್ಣಿನ ಗುರುತು ಇರುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಗಂಡ, ಹೆಂಡತಿ ಇಬ್ಬರೇ ಮನೆಯಲ್ಲಿದ್ದಾರೆ. ಹೊರಗೆ ಹಿಮ ಬೀಳುತ್ತಿದೆ. ನನ್ನ ಕಡೆಯ ಸಾಲು ಇಷ್ಟೇ: ‘ನಾ ಬತ್ಸೆತ್ಸ್ ದೂರ.’ ಬತ್ಸೆತ್ಸ್ ಎಂದರೆ ತೆರೆದದ್ದು, ದೂರ ಎಂದರೆ ಬಾಗಿಲು. ಬಾಗಿಲು ತೆರೆದದ್ದಾಯಿತು, ಆದರೆ ತೆರೆದವರು ಯಾರು?

ಅಚ್ಚಿನ ಮೊಳೆ ಜೋಡಿಸುವ ಮುದುಕ ಮೆಲ್ಕೊನ್ ಆ ಸಾಲಿಗೆ ಬಂದು ಕೈ ನಿಲ್ಲಿಸಿದ. ಕನ್ನಡಕ ಹಣೆಗೇರಿಸಿಕೊಂಡು, ಮನೆಯಲ್ಲಿ ಇಬ್ಬರಿದ್ದಾರಲ್ಲ, ಹೋದವರು ಯಾರೆಂದು ಹೆಸರು ಹಾಕಬೇಡವೇ ಎಂದು ಕೇಳಿದ. ಅಘವ್ನಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದಳು:

“ನಾ ಅಂತ ಬರೆದಿದ್ದೇನಲ್ಲ ಮೆಲ್ಕೊನ್, ಅದನ್ನೇ ಜೋಡಿಸಿ.”

ಮೆಲ್ಕೊನ್ ಜೋಡಿಸಿದ. ನಾನು ಹುಟ್ಟಿದೆ.

ನನ್ನನ್ನು ಕೊಂಡವಳು ಅದೇ ಊರಿನ ತಾಕುಹಿ ಎಂಬ ಗೃಹಿಣಿ. ಅವಳ ಗಂಡ ನನ್ನನ್ನು ಓದಿ ಮುಗಿಸಿ, ಪಾಪ, ಆ ಹೆಂಗಸನ್ನು ನಡುನೀರಿನಲ್ಲಿ ಬಿಟ್ಟು ಹೋಗಿಬಿಟ್ಟ ಎಂದು ನಿಟ್ಟುಸಿರಿಟ್ಟ. ತಾಕುಹಿ ಹೌದೌದು ಎಂದು ತಲೆಯಾಡಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ತಂಗಿಯ ಕಿವಿಯಲ್ಲಿ, ಹೋದಳು ನೋಡೇ ಸಾತೆನಿಕ್, ಕೊನೆಗೂ ಹೋದಳು ಎಂದು ಪಿಸುಗುಟ್ಟಿದಳು. ಊರೆಲ್ಲ ಇದೇ ಕಥೆ. ಗಂಡಸರು ಓದಿದರೆ ಗಂಡ ಹೋದ, ಹೆಂಗಸರು ಓದಿದರೆ ಹೆಂಡತಿ ಹೋದಳು. ಒಂದೇ ಪುಸ್ತಕ, ಒಂದೇ ಸಾಲು. ನನಗೆ ಆಗ ಸ್ವಲ್ಪ ಜಂಬವೇ ಬಂದಿತ್ತು.

ತಾಕುಹಿಯ ಮಗಳು ಶುಶಾನ್. ಅವಳನ್ನು ಕಾರಪೇತ್ ಎಂಬ ಎಂಜಿನಿಯರನಿಗೆ ಕೊಟ್ಟರು. ಅವನ ಚಿಕ್ಕಪ್ಪಂದಿರು ಕಲಕತ್ತೆಯಲ್ಲಿ ವ್ಯಾಪಾರದಲ್ಲಿದ್ದರು, ಇವನಿಗೂ ಹಿಂದೂಸ್ತಾನದಲ್ಲೇ ಕೆಲಸ. ಹೊರಡುವ ದಿನ ತಾಕುಹಿ ನನ್ನನ್ನು ಮಗಳ ಪೆಟ್ಟಿಗೆಯಲ್ಲಿ, ಉಣ್ಣೆಯ ಶಾಲಿನ ನಡುವೆ ಇಟ್ಟಳು. ಅಲ್ಲಿ ಮಾತಾಡಲು ಯಾರೂ ಸಿಗದಿದ್ದರೆ ಇದನ್ನು ಗಟ್ಟಿಯಾಗಿ ಓದು, ನನಗೆ ಕೇಳಿಸುತ್ತದೆ ಎಂದಳು. ತಾಯಂದಿರು ಹೀಗೆ ಆಗದ ಮಾತನ್ನೂ ಆಗುತ್ತದೆ ಎಂಬಂತೆ ಹೇಳುತ್ತಾರೆ. ಶುಶಾನ್ ನಂಬಿದಳು, ನಾನೂ ನಂಬಿದೆ.

ಹಡಗಿನಲ್ಲಿ ನನ್ನ ಮೈಗೆ ಉಪ್ಪುಗಾಳಿ ಹಿಡಿಯಿತು. ಕಲಕತ್ತೆಯ ಸೆಖೆಗೆ ರಟ್ಟು ಉಬ್ಬಿತು. ಅಲ್ಲಿ ನಮ್ಮವರ ಇಗರ್ಜಿ ಇತ್ತು, ನಮ್ಮ ಮಾತು ಇತ್ತು, ಅಷ್ಟು ಕಷ್ಟವಾಗಲಿಲ್ಲ. ಕೆಲವು ವರ್ಷದ ಮೇಲೆ ಕಾರಪೇತ್‌ಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸವಾಯಿತು, ಕೇಶ್ವಾಪುರದಲ್ಲಿ ಹಂಚಿನ ಮನೆಯೊಂದನ್ನು ಹಿಡಿದರು. ಇಡೀ ಊರಿನಲ್ಲಿ ಆರ್ಮೇನಿಯನ್ ಮಾತಾಡುವವರು ಅವರಿಬ್ಬರೇ. ವರ್ಕ್‌ಶಾಪಿನ ಜನರ ಬಾಯಲ್ಲಿ ಕಾರಪೇತ್ ಕರಿಯಪ್ಪ ಸಾಹೇಬನಾದ, ಓಣಿಯವರ ಬಾಯಲ್ಲಿ ಶುಶಾನ್ ಸುಶೀಲಾಬಾಯಿ ಆದಳು. ದ್ರಾಕ್ಷಿ ಎಲೆ ಸಿಗದೆ ಇಲ್ಲಿನವರು ಕೋಬೀಜು ಎನ್ನುವ ಎಲೆಕೋಸಿನಲ್ಲಿ ಅಕ್ಕಿ ಸುತ್ತಿ ಬೇಯಿಸುವುದನ್ನು ರೂಢಿ ಮಾಡಿಕೊಂಡಳು.

ಅತ್ತ ನಮ್ಮ ಹುಟ್ಟೂರಿನ ಕಡೆ ಯುದ್ಧ, ಅದರ ಬೆನ್ನಿಗೆ ಕ್ರಾಂತಿ. ತಾಯಿಯಿಂದ ಕಾಗದ ಬರುವುದು ನಿಂತುಹೋಯಿತು. ಸತ್ತಳೋ ಇದ್ದಾಳೋ ಹೇಳುವವರಿಲ್ಲ. ಶುಶಾನ್ ಅಂದಿನಿಂದ ಊಟವಾದ ಮೇಲೆ ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ನನ್ನನ್ನು ಗಟ್ಟಿಯಾಗಿ ಓದತೊಡಗಿದಳು. ಓದುವಾಗ ಮುಖ ಉತ್ತರಕ್ಕೆ, ತಾಯಿಯ ಊರಿನ ಕಡೆಗೆ ಇರುತ್ತಿತ್ತು. ಸಂಜೆ ಕಾರಪೇತ್ ಬಂದು ಕಾಲು ಚಾಚಿ ಕೂತು, ಹೋದದ್ದು ಗಂಡನೇ ಎಂದು ಕೆಣಕುವನು. ಇವಳು, ಅಲ್ಲ, ಸಾತೆನಿಕ್ ಎಂದು ಎದುರಾಡುವಳು. ಈ ಜಗಳ ಅವರಿಗೆ ಊಟದ ಜೊತೆಯ ಉಪ್ಪಿನಕಾಯಿ ಇದ್ದಂತೆ, ಇಲ್ಲದಿದ್ದರೆ ಸೇರುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಕೂದಲು ಬೆಳ್ಳಗಾದರೂ ಜಗಳ ಬಗೆಹರಿಯಲಿಲ್ಲ.

ಒಂದು ಬೇಸಿಗೆಯಲ್ಲಿ ಕಾರಪೇತ್‌ಗೆ ಜ್ವರ ಬಂತು, ವಾರ ತುಂಬುವುದರೊಳಗೆ ತೀರಿಕೊಂಡ. ಮಣ್ಣು ಮಾಡಿ ಬಂದ ಜನರೆಲ್ಲ ಹೊರಟುಹೋದ ಮೇಲೆ ಶುಶಾನ್ ನನ್ನ ಕಡೆಯ ಪುಟ ತೆರೆದಳು. ಓದಲಿಲ್ಲ. ಅಂಗೈ ಇಟ್ಟುಕೊಂಡು ಕೂತಳು.

“ಸರಿ ಕಾರಪೇತ್, ನೀನೇ ಗೆದ್ದೆ,” ಎಂದಳು ನಮ್ಮ ಭಾಷೆಯಲ್ಲಿ. “ಹೋದದ್ದು ಗಂಡನೇ.”

ಅವಳ ಕಣ್ಣೀರಿನಿಂದ ಆ ಪುಟದ ಮೂಲೆ ಇವತ್ತಿಗೂ ಉಬ್ಬಿಕೊಂಡಿದೆ. ನನಗೂ ಅವನ ಕೆಣಕುವ ದನಿ ಬೇಕಾಗಿತ್ತು.

ಪಕ್ಕದ ಮನೆಗೆ ವರ್ಕ್‌ಶಾಪಿನ ಫಿಟ್ಟರ್ ಗುರುಸಿದ್ದಪ್ಪ ಸಂಸಾರ ಸಮೇತ ಬಂದದ್ದು ಅದಾಗಿ ಕೆಲವು ವರ್ಷಕ್ಕೆ. ಅವನ ತಂಗಿ ನೀಲಗಂಗಾ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಮದುವೆಯಾಗಿ ಬಾಗಲಕೋಟೆಗೆ ಹೋಗಿದ್ದಳು. ಗಂಡನಿಗೆ ನಾಟಕದ ಹುಚ್ಚು. ಒಂದು ದಿನ ಕಂಪನಿಯೊಂದರ ಬೆನ್ನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಅತ್ತೆ ಇವಳ ಕಾಲ್ಗುಣ ಎಂದು ಹೇಳಿ ಅಣ್ಣನ ಮನೆಗೆ ಕಳಿಸಿದಳು. ಅಂದಿನಿಂದ ನೀಲಗಂಗಾ ಕಾಯುತ್ತಿದ್ದಳು. ಮುತ್ತೈದೆಯ ಗುಳದಾಳಿ ಕೊರಳಲ್ಲಿತ್ತು, ಹಣೆಗೆ ಕುಂಕುಮವಿತ್ತು. ಸೈಕಲ್ ಗಂಟೆ ಬಾರಿಸಿದರೆ ಬಾಗಿಲಿಗೆ ಬರುವಳು. ಓಣಿಯವರು ‘ಪಾಪ’ ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಅವಳು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಮಧ್ಯಾಹ್ನ ಲೇಸ್ ಹೆಣೆಯುವುದನ್ನು ಕಲಿಯುವ ನೆಪದಲ್ಲಿ ಅವಳು ಶುಶಾನ್‌ಳ ಹಿತ್ತಲಿಗೆ ಬರತೊಡಗಿದಳು. ಬದಲಿಗೆ ಇವಳಿಗೆ ಕಸೂತಿ ಹೇಳಿಕೊಡುತ್ತಿದ್ದಳು. ಸೂಜಿ ಕೈಯಲ್ಲಿದ್ದರೂ ಅವಳ ಕಿವಿ ನನ್ನ ಮೇಲಿತ್ತು. ಸುಶೀಲಾಬಾಯಾರು ಓದುತ್ತಾರೆ, ಒಂದು ಅಕ್ಷರ ತಿಳಿಯದು, ಆದರೆ ಸಾಲು ಸಾಲಿಗೂ ‘ನಾ’ ಕೇಳಿಸುತ್ತದೆ. ನಾ ಹಾಗೆ, ನಾ ಹೀಗೆ. ಹುಬ್ಬಳ್ಳಿಯವರಿಗೆ ‘ನಾ’ ಎಂದರೆ ನಾನು. ಮುದುಕಿ ತನ್ನ ಕಥೆಯನ್ನೇ ಬರೆದಿಟ್ಟುಕೊಂಡು ಓದಿ ಓದಿ ಅಳುತ್ತಾಳೆ ಎಂದು ಅವಳು ತಿಳಿದಳು. ಎಷ್ಟೋ ದಿನದ ಮೇಲೆ ಬಾಯಿಬಿಟ್ಟು ಕೇಳಿಯೂ ಬಿಟ್ಟಳು. ಶುಶಾನ್ ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಸತ್ತ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಮ್ಮಲ್ಲಿ ನಾ ಎಂದರೆ ಬೇರೆಯವರು, ಗಂಡಾದರೂ ನಾ, ಹೆಣ್ಣಾದರೂ ನಾ ಎಂದು ವಿವರಿಸಿದಳು.

ನೀಲಗಂಗಾ ಕೆಳಗಿಟ್ಟ ಸೂಜಿಯನ್ನು ಎತ್ತಿಕೊಡುತ್ತಾ, “ಅಂದ್ರ ನೀವು ಮಂದಿ ಕಥಿ ಹೇಳಿದ್ರೂ ನಾ ಅಂತನ ಹೇಳ್ತೀರಿ,” ಎಂದಳು.

ಆಮೇಲೆ ಆ ಕಥೆಯನ್ನು ಕನ್ನಡದಲ್ಲಿ ಹೇಳಿ ಎಂದು ಗಂಟು ಬಿದ್ದಳು. ತಾಪತ್ರಯ ಶುರುವಾದದ್ದು ಅಲ್ಲಿಯೇ. ಶುಶಾನ್‌ಗೆ ಸಂತೆಯಲ್ಲಿ ಕಲಿತ ಕನ್ನಡ ಸಾಕಷ್ಟು ಬರುತ್ತಿತ್ತು. ಆದರೆ ಅಂವ, ಆಕಿ ಎರಡರ ವ್ಯತ್ಯಾಸ ಸಾಯುವವರೆಗೂ ಅವಳ ನಾಲಿಗೆಗೆ ಹತ್ತಲಿಲ್ಲ. ಕಾಯಿಪಲ್ಯೆ ಮಾರುವ ಮುದುಕಿ ಬಂದರೆ, ಅಂವ ಬಂದಾನ, ಬುಟ್ಟಿ ಇಳಸ್ರಿ ಎನ್ನುವಳು. ಸತ್ತ ಗಂಡನ ನೆನಪಾದರೆ, ಆಕಿ ಭಾಳ ಛಲೋ ಇದ್ಲು, ಮೀಸಿ ಮಾತ್ರ ಚುಚ್ಚತಿತ್ತು ಎಂದು ಕಣ್ಣೊರೆಸಿಕೊಳ್ಳುವಳು. ಇಂಥವಳು ನನ್ನ ಕಥೆ ಹೇಳಿದರೆ ಹೇಗಿರಬೇಡ! ಅಂವ ಬಾಯಿಗೆ ಬಟ್ಟೆ ಕಟ್ಟಿಕೊಂಡ, ಆಕಿ ಸಿಟ್ಟಿನಿಂದ ತಟ್ಟೆ ಒಗೆದಳು, ಅಂವ ಅಡುಗೆಮನೆಯಲ್ಲಿ ಅತ್ತ. ನೀಲಗಂಗಾ ಪ್ರತಿ ಸಾಲಿಗೂ ತಡೆದು, ಅಂವ ಅಂದ್ರ ಆಕಿ ಹೌದಲ್ರಿ ಎಂದು ತಿದ್ದಿಕೊಳ್ಳುತ್ತಿದ್ದಳು. ನಾನು ಮಡಿಲಲ್ಲಿ ಮಲಗಿ ನಗು ತಡೆದುಕೊಳ್ಳುತ್ತಿದ್ದೆ.

ಬಾಯಿಗೆ ಬಟ್ಟೆ ಕಟ್ಟುವ ಭಾಗ ಬಂದಾಗ ಮಾತ್ರ ನೀಲಗಂಗಾ ತಡೆಯಲಿಲ್ಲ. ಬಾಗಲಕೋಟೆಯ ಮನೆಯಲ್ಲಿ ಅವಳೂ ಮಾವನ ಎದುರು ಬಾಯಿ ತೆರೆಯುವಂತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಏನಾದರೂ ಬೇಕಾದರೆ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಬೇಕಾಗಿತ್ತು. ಇದನ್ನೆಲ್ಲ ಅವಳು ನೂಲಿಗೆ ಗಂಟು ಹಾಕುತ್ತಾ, ತಲೆಯೆತ್ತದೆ ಹೇಳಿದಳು.

ಕಥೆ ಮುಗಿಯುವ ಹೊತ್ತಿಗೆ ಅವಳಿಗೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅರ್ಜಿ ಹಾಕಿಸಿದವಳು ಶುಶಾನ್. ಎರಡು ವರ್ಷ ಅಲ್ಲೇ ಹಾಸ್ಟೆಲಿನಲ್ಲಿರಬೇಕು, ಆಮೇಲೆ ಮಾಸ್ತರಿಕೆ. ಗುರುಸಿದ್ದಪ್ಪ ಕೆಟ್ಟವನಲ್ಲ, ತಂಗಿ ಎಂದರೆ ಜೀವ. ಆದರೆ ಅವನು ಒಂದೇ ಮಾತಿಗೆ ಜೋತುಬಿದ್ದ: ನಾಳೆ ಗಂಡ ಬಂದು ನನ್ನ ಹೆಂಡತಿ ಎಲ್ಲಿ ಎಂದು ಕೇಳಿದರೆ ನಾನೇನು ಹೇಳಲಿ? ಕಾಯುವ ಹೆಂಡತಿ ಮನೆಯಲ್ಲಿದ್ದರೆ ಬರುವ ಗಂಡನಿಗೆ ದಾರಿ ಇರುತ್ತದೆ, ಹೋದರೆ ಎರಡೂ ಮನೆ ಮುಗಿದಂತೆ. ನೀಲಗಂಗಾಳಿಗೆ ಗಂಡನ ಆಸೆ ಪೂರ್ತಿ ಬತ್ತಿತ್ತು ಎಂದು ನಾನು ಸುಳ್ಳು ಹೇಳಲಾರೆ.

ಕಾಲೇಜಿಗೆ ಸೇರಲು ಮರುದಿನವೇ ಕಡೆಯ ದಿನ. ಅವತ್ತು ಶುಶಾನ್‌ಗೆ ಮೈ ಸರಿಯಿರಲಿಲ್ಲ, ಮಂಚದಲ್ಲಿ ಒರಗಿಕೊಂಡೇ ಕಡೆಯ ಪುಟ ಓದಿದಳು. ನೀಲಗಂಗಾ ಲೇಸ್ ಮರೆತು ನನ್ನ ಕಡೆಗೇ ನೋಡುತ್ತಿದ್ದಳು.

“ನಾ ಬತ್ಸೆತ್ಸ್ ದೂರ,” ಎಂದು ಓದಿ ಶುಶಾನ್ ನನ್ನನ್ನು ಮುಚ್ಚಿದಳು. ಅದರ ಅರ್ಥ ಹೇಳಿದಳು, ಬಾಗಿಲು ತೆರೆದು ಹೊರಗೆ ಹೋದದ್ದು, ಅಲ್ಲಿಗೆ ಕಥೆ ಮುಗಿಯಿತು ಎಂದು.

“ಹೋದಾವ್ರು ಯಾರ್ರಿ ಬಾಯಾರ?” ನೀಲಗಂಗಾ ಮಂಚದ ಹತ್ತಿರ ಸರಿದಳು. “ಗಂಡನೋ, ಹೆಂಡ್ತಿನೋ? ಅಂವ, ಆಕಿ ಏನೂ ಬ್ಯಾಡ್ರಿ. ಬರೇ ಯಾರಂತ ಹೇಳ್ರಿ.”

ಶುಶಾನ್ ಕಣ್ಣು ಮುಚ್ಚಿಕೊಂಡಿದ್ದಳು. ತಾಯಿಯನ್ನು ಬಿಟ್ಟುಬಂದ ಮನೆ ನೆನಪಾಯಿತೋ, ಕಾರಪೇತ್‌ನ ಜೊತೆಗಿನ ಜಗಳ ನೆನಪಾಯಿತೋ ತಿಳಿಯದು. ಕಣ್ಣು ತೆರೆಯದೆಯೇ ಒಂದೇ ಮಾತು ಹೇಳಿದಳು.

“ನಾ.”

ಅದು ನಮ್ಮ ಭಾಷೆಯ ನಾ ಆಗಿದ್ದರೆ ಅರ್ಥ, ಅವನೋ ಅವಳೋ, ಯಾರಾದರೂ ಆಗಬಹುದು. ಹುಬ್ಬಳ್ಳಿಯ ನಾ ಆಗಿದ್ದರೆ ಅರ್ಥ, ನಾನು. ಅವಳ ಎದೆಯ ಮೇಲೇ ಇದ್ದರೂ ಯಾವುದೆಂದು ನನಗೂ ಗೊತ್ತಾಗಲಿಲ್ಲ. ನೀಲಗಂಗಾ ಮತ್ತೆ ಕೇಳಲಿಲ್ಲ. ಮೆಲ್ಲನೆ ಆ ಸಾಲನ್ನು ತನ್ನ ಬಾಯಲ್ಲಿ ಹೇಳಿ ನೋಡಿದಳು. ನಾ... ದೂರ. ಅವಳ ಕಿವಿಗೆ ಅದು ಕನ್ನಡವಾಗಿಯೇ ಕೇಳಿಸಿರಬೇಕು. ಎದ್ದು ಶುಶಾನ್‌ಳ ಕಾಲು ಮುಟ್ಟಿ ಮನೆಗೆ ಹೋದಳು.

ಮರುದಿನ ಬೆಳಗ್ಗೆ ಅವಳು ತಗಡಿನ ಟ್ರಂಕು ಹಿಡಿದು ಅಂಗಳಕ್ಕೆ ಇಳಿದಾಗ ಗುರುಸಿದ್ದಪ್ಪ ಅಂಗಳದ ಬಾಗಿಲಿಗೆ ಅಡ್ಡ ನಿಂತಿದ್ದ. ಶುಶಾನ್ ಜ್ವರದಲ್ಲೇ ಶಾಲು ಹೊದ್ದು, ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ತನಕ ಬಂದಳು.

“ಅಂವ ಹೊಂಟಾನ, ಗುರುಸಿದ್ದಪ್ಪಾ. ತಡೀಬ್ಯಾಡ,” ಎಂದಳು.

ಗುರುಸಿದ್ದಪ್ಪ ಗಾಬರಿಯಾಗಿ ರಸ್ತೆಯ ಕಡೆ ತಿರುಗಿದ, ತಂಗಿಯ ಗಂಡನೇ ಬಂದು ಹೊರಟುನಿಂತನೇನೋ ಎಂದು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಾಯಾರು ಬೆರಳು ಮಾಡುತ್ತಿದ್ದದ್ದು ತಂಗಿಯ ಕಡೆಗೆ ಎಂದು ತಿಳಿದಾಗ ಅವನ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಬಂದವು. ಅವನೇ ಟ್ರಂಕು ಎತ್ತಿಕೊಂಡು ಸ್ಟೇಷನ್ನಿಗೆ ನಡೆದ. ಶುಶಾನ್ ನನ್ನನ್ನು ನೀಲಗಂಗಾಳ ಕೈಗೆ ಕೊಟ್ಟಳು. ಬಾಯಾರ, ನನಗ ಓದಾಕ ಬರೂದಿಲ್ಲಲ್ರಿ ಎಂದು ಅವಳು ಹಿಂಜರಿದಳು. ನನಗೆ ಬಾಯಿಪಾಠ ಇದೆ, ನಿನ್ನ ಹತ್ತಿರವೇ ಇರಲಿ ಎಂದು ಶುಶಾನ್ ಬೇಲಿ ಹಿಡಿದು ನಿಂತಳು. ರೈಲಿನಲ್ಲಿ ಕೂತಾಗಲೂ ನನಗೆ ಆ ಕೈಗಳದೇ ನೆನಪು. ನನ್ನ ಭಾಷೆ ಬಲ್ಲ ಕೈಗಳು ಅವೇ ಕಡೆಯವು.

ಮುಂದಿನ ವರ್ಷ ಶುಶಾನ್ ತೀರಿಕೊಂಡಳೆಂದು ಸುದ್ದಿ ಬಂತು. ಅಂದಿನಿಂದ ನನ್ನನ್ನು ಓದುವ ದನಿ ಇಲ್ಲವಾಯಿತು. ಪುಸ್ತಕಕ್ಕೆ ಹಸಿವು ಎಂಬುದು ಇದ್ದರೆ ಅದು ಇದೇ.

ನೀಲಗಂಗಾ ಟೀಚರಾದಳು. ಒಮ್ಮೆ ರಜೆಯಲ್ಲಿ ಅಣ್ಣ ಬಂದು ಒಂದು ವಿಷಯ ಹೇಳಿದ. ಅವಳ ಗಂಡ ಕೇಶ್ವಾಪುರಕ್ಕೆ ಬಂದಿದ್ದನಂತೆ. ಕಟ್ಟೆಯ ಮೇಲೆ ಸಂಜೆಯ ತನಕ ಕೂತು, ರೊಟ್ಟಿ ಉಂಡು, ಧಾರವಾಡದ ವಿಳಾಸ ಕೇಳದೆ ಹೊರಟುಹೋದನಂತೆ. ಅಣ್ಣ ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಖ ತೊಳೆದು, ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂತಳು. ಕಾಯುತ್ತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅವಳಿಗೆ ಬರಲೇ ಇಲ್ಲ ಎಂದು ನಾನು ಹೇಳುವುದಿಲ್ಲ.

ಕೂದಲು ನರೆಯುವ ಹೊತ್ತಿಗೆ ಅವಳು ನನ್ನ ಕಥೆಯನ್ನು ಕನ್ನಡದಲ್ಲಿ ಬರೆದಳು, ಶುಶಾನ್‌ಬಾಯಿ ಹೇಳಿದ್ದು ಎಂದು ಮೊದಲ ಪುಟದಲ್ಲೇ ಹಾಕಿ. ಕೆಲವು ಪ್ರಸಂಗಗಳು ಹಿಂದುಮುಂದಾಗಿದ್ದವು, ಹಿಮವೆಲ್ಲ ಮಳೆಯಾಗಿತ್ತು. ಪರವಾಗಿಲ್ಲ, ಹೊರಟವರಿಗೆ ಮಳೆಯೂ ಅಡ್ಡಿಯೇ. ಛಾಪಖಾನೆಗೆ ಹೋಗುವಾಗ ನನ್ನನ್ನೂ ಚೀಲದಲ್ಲಿ ಒಯ್ಯುತ್ತಿದ್ದಳು. ಅಲ್ಲಿನ ಶಾಯಿಯ ವಾಸನೆಗೆ ನನಗೆ ಹುಟ್ಟಿದ ಮನೆಗೆ ಬಂದ ಹಾಗಾಯಿತು. ಕಡೆಯ ಪುಟಕ್ಕೆ ಬಂದು ಮೊಳೆ ಜೋಡಿಸುವವನು ಕೈ ನಿಲ್ಲಿಸಿದ. ಅಕ್ಕಾರು ಇಷ್ಟು ಹೊತ್ತು ಆಕಿ ಆಕಿ ಎಂದು ಬರೆದು ಕಡೆಯ ಸಾಲಿಗೆ ‘ನಾ ಬಾಗಿಲು ತೆರೆದೆ’ ಎಂದಿದ್ದಾರೆ, ಕೈತಪ್ಪು ಇರಬೇಕು ಎಂದ. ತೆರೆದಳು ಎಂದು ಹಾಕಲೋ, ತೆರೆದನು ಎಂದು ಹಾಕಲೋ, ಬೇಕಾದರೆ ಮರ್ಯಾದೆಗೆ ‘ಅವರು ತೆರೆದರು’ ಎನ್ನೋಣ ಎಂದೂ ಕೇಳಿದ. ಅವರು ಎಂದರೆ ಓದುವವರೆಲ್ಲ ಗಂಡ ಎಂದೇ ತಿಳಿಯುತ್ತಾರೆ ಎಂದು ನೀಲಗಂಗಾ ನಕ್ಕಳು.

“ತಪ್ಪಾಗಿಲ್ರಿ,” ಎಂದಳು. “ನಾ ಅಂತ ಬರದೀನಲ್ಲ, ಅದನ್ನ ಜೋಡಸ್ರಿ.”

ಚೀಲದೊಳಗೆ ನನ್ನ ಹಾಳೆಗಳೆಲ್ಲ ಒಮ್ಮೆ ಝುಂ ಎಂದವು. ಅಘವ್ನಿಯ ಮಾತು ಇವಳಿಗೆ ಯಾರು ಹೇಳಿದರು? ನಾನಂತೂ ಹೇಳಿರಲಿಲ್ಲ.

ಈಗ ಆ ಕನ್ನಡದ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ಅವಳನ್ನು ಹುಡುಗಿಯರು ಒಯ್ಯುತ್ತಾರೆ, ತರುತ್ತಾರೆ, ಅವಳ ಮೈಮೇಲೆ ಎಣ್ಣೆಯ ಕಲೆ, ಕುಂಕುಮದ ಕಲೆ. ಕಡೆಯ ಸಾಲನ್ನು ಗಟ್ಟಿಯಾಗಿ ಓದಿದ ಹುಡುಗಿಯ ಬಾಯಲ್ಲಿ ತಾನೇ ಬಾಗಿಲು ತೆರೆದ ಹಾಗೆ ಕೇಳಿಸುತ್ತದೆ. ಎಷ್ಟೋ ಸಲ ನಾನೇ ಕೇಳಿದ್ದೇನೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆಸೆ ಸುಳ್ಳಲ್ಲ. ಒಮ್ಮೆ, ಒಂದೇ ಒಮ್ಮೆ, ನನ್ನನ್ನು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ನನ್ನ ಮಾತಿನಲ್ಲೇ ಯಾರಾದರೂ ಓದಬೇಕು. ತಾಕುಹಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಬೇಕು.

ನೀಲಗಂಗಾ ಈಗ ಮುದುಕಿ, ಕಣ್ಣಿಗೆ ಪೊರೆ ಬಂದಿದೆ. ಮಧ್ಯಾಹ್ನ ಊಟವಾದ ಮೇಲೆ ಕಪಾಟು ತಡವಿ ನನ್ನನ್ನು ಇಳಿಸಿಕೊಂಡು, ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಕಡೆಯ ಪುಟ ತೆರೆಯುತ್ತಾಳೆ. ಇಷ್ಟು ವರ್ಷವಾದರೂ ಅವಳಿಗೆ ನನ್ನ ಮೇಲು ಕೆಳಗು ತಿಳಿಯದು. ಇವತ್ತೂ ನನ್ನನ್ನು ತಲೆಕೆಳಗಾಗಿ ಹಿಡಿದಿದ್ದಾಳೆ, ಹಾಗಾಗಿ ಅವಳು ಕಡೆಯ ಪುಟ ಎಂದುಕೊಂಡು ತೆರೆದಿರುವುದು ನನ್ನ ಮೊದಲ ಪುಟವನ್ನು. ಅವಳ ಬೆರಳು ಅಘವ್ನಿಯ ಹೆಸರಿನ ಮೇಲೆ ಇದೆ.

“ನಾ ಬತ್ಸೆತ್ಸ್ ದೂರ,” ಎನ್ನುತ್ತಾಳೆ, ಹುಬ್ಬಳ್ಳಿಯ ರಾಗದಲ್ಲಿ, ಒಂದಕ್ಷರ ತಪ್ಪದೆ. ನನ್ನ ಭಾಷೆಯಲ್ಲಿ ಅವಳಿಗೆ ಬರುವುದು ಅದೊಂದೇ ಸಾಲು. ಹೇಳಿ ಮುಗಿಸಿ ಉತ್ತರದ ಕಡೆ ಮುಖ ಮಾಡಿ ಕೂರುತ್ತಾಳೆ. ನಾನು ತಲೆಕೆಳಗಾಗಿಯೇ ಅವಳ ಮಡಿಲಲ್ಲಿ ಮಲಗಿ, ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತೇನೆ.